ರೇಟಿಂಗ್ ಆಮೇಲೆ, ಮೊದಲು ಕಟ್ಟಡದ ಮುಖ ಯಾವ ಕಡೆಗೆ ಹೇಳಿ

ಕುಂಬಳೆ ಹತ್ತಿರ ಹೈವೇ ಬದಿಯಲ್ಲಿ ಮೂರು ಮಾಳಿಗೆಯ ಕಾಂಪ್ಲೆಕ್ಸ್ ಕಟ್ಟಿಸ್ತಾ ಇದ್ದೀರಿ. ಗೃಹ, ಐಜಿಬಿಸಿ, ಬಿಇಇ ಸ್ಟಾರ್, ಈ ಹಸಿರು ಕಟ್ಟಡದ ರೇಟಿಂಗುಗಳಲ್ಲಿ ಯಾವುದು ತೆಗೆದುಕೊಂಡರೆ ಬಾಡಿಗೆ ಹೆಚ್ಚು ಸಿಕ್ಕೀತು ಅಂತ ನಿಮ್ಮ ಪ್ರಶ್ನೆ. ಉಪ್ಪಳದಲ್ಲಿ ಕಟ್ಟಿಸುವಾಗ ನಾನೂ ಇದನ್ನೇ ಕೇಳಿಕೊಂಡು ತಿರುಗಿದವ.

ನಮ್ಮದು ಎಂಟು ಸಾವಿರ ಚದರಡಿ, ಹೈವೇಯ ಮೂಡು ಬದಿ. ಅಂದರೆ ಮುಖ ಪಡುವಿಗೆ, ಕಡಲಿನ ಕಡೆಗೆ. ಇಂಜಿನಿಯರು ಬರೆದ ಪ್ಲ್ಯಾನಿನಲ್ಲಿ ಮುರಕಲ್ಲಿನ ಗೋಡೆ, ಸಣ್ಣ ಕಿಟಕಿ, ಪ್ರತಿ ಕಿಟಕಿಗೆ ಎರಡು ಅಡಿ ಸನ್‌ಶೇಡ್, ಬದಿಯಲ್ಲಿ ಬಿಸಿಲು ತಡೆಯಲು ನೆಟ್ಟಗೆ ನಿಂತ ಪಟ್ಟಿ, ಅಂದರೆ ಫಿನ್ನು, ಇತ್ತು. "ಇದೆಂತ ಮಾರಾಯ್ರೆ, ಸರ್ಕಾರಿ ಶಾಲೆಯ ಹಾಗೆ!" ಅಂತ ಎಲ್ಲ ಅಳಿಸಿಸಿದೆ. ಎದುರು ಪೂರ್ತಿ ನೀಲಿ ಗಾಜು ಹಾಕಿಸಿದೆ. ಗಾಜು ಗೋಡೆಯ ಶೇಕಡಾ 40 ದಾಟಬಾರದು ಅಂತ ಇಸಿಬಿಸಿ ಎಂಬ ಇಂಧನ ಉಳಿತಾಯದ ಕಟ್ಟಡ ಕೋಡಿನಲ್ಲಿದೆ ಎಂದು ಅವರು ಹೇಳಿದರು. ನನ್ನ ಹತ್ತಿರ ಉತ್ತರ ತಯಾರಿತ್ತು: ಆ 2017ರ ಕೋಡ್ 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್ ಅಥವಾ 120 ಕೆವಿಎ ಬೇಡಿಕೆ ಇರುವ ದೊಡ್ಡವರಿಗೆ, ನಮ್ಮ ಅಷ್ಟೂ ಮೀಟರ್ ಕೂಡಿಸಿದರೂ ಅರ್ಧ ಆಗುವುದಿಲ್ಲ. ಸಾಲದ್ದಕ್ಕೆ ಕರೆಂಟು ಬಿಲ್ಲು ಕಟ್ಟುವುದು ಬಾಡಿಗೆದಾರರು, ನನಗೆಂತ?

ನಾನು ಕೆಟ್ಟದ್ದು ಆ ಗಾಜಿನಲ್ಲಿ. ಸ್ವಲ್ಪ ಉದ್ದ ಹೇಳುತ್ತೇನೆ, ತಾಳ್ಮೆ ಇರಲಿ. ಗಾಜಿನ ಬಣ್ಣ ದಟ್ಟ ಇದ್ದರೆ ತಂಪು ಅಂದುಕೊಂಡಿದ್ದೆ. ಅಂಗಡಿಯಲ್ಲಿ ಬಣ್ಣ ನೋಡಿದೆ, ಕೇಳಬೇಕಾದದ್ದು ಎಸ್‌ಎಚ್‌ಜಿಸಿ ಎಂಬ ಒಂದು ಅಂಕಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವ ಲೆಕ್ಕ ಅದು. ನಮ್ಮಂಥ ಸೆಕೆಯ ಊರಿಗೆ ಆ 2017ರ ಕೋಡ್ ಹೇಳಿದ್ದು, ಬಡಗು ಬಿಟ್ಟು ಉಳಿದ ದಿಕ್ಕಿಗೆ, ಹೆಚ್ಚೆಂದರೆ 0.27. ನೂರರಲ್ಲಿ ಇಪ್ಪತ್ತೇಳು ಪಾಲು. ಬಣ್ಣದ ಗಾಜು ಬೆಳಕನ್ನು ತಡೆಯುತ್ತದೆ, ಆದರೆ ಶಾಖವನ್ನು ತಾನೇ ಕುಡಿದು ಕಾದ ಕಾವಲಿಯಾಗಿ ಒಳಕ್ಕೆ ಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಮಧ್ಯಾಹ್ನ ಮೂರಕ್ಕೆ ಟ್ಯೂಬ್‌ಲೈಟೂ ಉರಿಯಬೇಕು, ಎಸಿಯೂ ಓಡಬೇಕು. ಸಂಜೆ ಬಿಸಿಲು ಓರೆಯಾಗಿ ಬರುವುದರಿಂದ ಮೇಲಿನ ಸನ್‌ಶೇಡ್ ಒಂದೇ ಸಾಲದು, ಅದಕ್ಕೇ ಆ ನಿಂತ ಫಿನ್ನು. ನಾನು ಅಳಿಸಿದ್ದು ಅದನ್ನೇ.

ಎರಡನೇ ಮಾಳಿಗೆಯ ಟ್ಯೂಷನ್ ಸೆಂಟರಿನವರು ಮೊದಲ ಬೇಸಿಗೆಯಲ್ಲೇ ಬಿಲ್ಲು ಹಿಡಿದುಕೊಂಡು ಬಂದರು. ಪರದೆ ಹಾಕಿಸಿಕೊಟ್ಟೆ. ಶಾಖ ಒಳಗೆ ಬಂದಾದ ಮೇಲೆ ಪರದೆ, ನೆನೆದ ಮೇಲೆ ಕೊಡೆ ಬಿಡಿಸಿದ ಹಾಗೆ. ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಿದರು; ಶಾಖ ಇನ್ನೂ ಹಿಡಿದು ಎರಡು ಗಾಜು ತಾನಾಗಿ ಸೀಳಿತು. ಬಾಡಿಗೆ ಇಳಿಸಿದೆ, ಆದರೂ ಅವರು ಹೋದರು. ಎಂಟು ತಿಂಗಳು ಖಾಲಿ. ಬಿಲ್ಲು ಅವರದ್ದು ಅಂದಿದ್ದೆನಲ್ಲ, ಬಂದದ್ದು ನನ್ನ ತಲೆಗೇ. ಕೊನೆಗೆ ಅರ್ಧ ಗಾಜು ತೆಗೆದು ಕಲ್ಲು ಕಟ್ಟಿಸಿ, ಹೊರಗೆ ಅಲ್ಯೂಮಿನಿಯಂ ಫಿನ್ನು ಕೂರಿಸಿದೆ. ಆ ಇಂಜಿನಿಯರನ್ನೇ ಕರೆಸಿದೆ, ಪುಣ್ಯಾತ್ಮ ಒಂದು ಮಾತು ಆಡಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಅಡ್ಡದಾರಿ. ನಮ್ಮೂರಿನಲ್ಲಿ ಫಲಕ ನೋಡಿ ಬಾಡಿಗೆ ಹೆಚ್ಚು ಕೊಟ್ಟವರನ್ನು ನಾನು ಕಂಡಿಲ್ಲ. ಬಿಲ್ಲು ನೋಡಿ ಬಿಟ್ಟು ಹೋದವರನ್ನು ಕಂಡಿದ್ದೇನೆ. ಬಿಇಇ ಸ್ಟಾರ್ ಕೊಡುವುದು ಕಟ್ಟಡ ಓಡಿದ ಮೇಲೆ, ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಸುಟ್ಟಿತು ನೋಡಿ. ಈಗಲೇ ಕೇಳಿದರೆ ಸಿಗುವಂಥದ್ದಲ್ಲ. ಹಟವೇ ಇದ್ದರೆ, 2,500 ಚದರ ಮೀಟರಿಗಿಂತ ಸಣ್ಣ ಕಟ್ಟಡಕ್ಕೆ ಗೃಹದವರದ್ದೇ 'ಸ್ವಗೃಹ' ಇದೆ, ಅದನ್ನು ನೋಡಿ. ಕೋಡ್ ಮಾತ್ರ ಲೋಡ್ ಕಡಿಮೆ ಇದ್ದರೂ ಓದಿ. ಇಂಧನ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಆ ಲೋಡ್ ಮಿತಿಯನ್ನು ಇಳಿಸುವ ಅಧಿಕಾರ ರಾಜ್ಯಗಳಿಗೆ ಬಂದಿದೆ.

ಸೈಟು ರಸ್ತೆಯ ಯಾವ ಬದಿ ಅಂತ ಬರೆಯಿರಿ. ಪಡು ಬದಿಯಾದರೆ ನಿಮಗೆ ಎದುರಿನ ಗಾಜಿಗೆ ಬೆಳಗ್ಗಿನ ಬಿಸಿಲು. ಸಂಜೆಯದ್ದು ಬೀಳುವುದು ಹಿಂದಿನ ಗೋಡೆಗೆ, ಕಕ್ಕಸು, ಮೆಟ್ಟಿಲು ಎಲ್ಲ ಆ ಕಡೆ ಹಾಕಿಸಿ.