ಕಿಣ್ವ ಚೆನ್ನಾಗಿದೆ, ಲೇಖನ ಇನ್ನೂ ಬೇಯಬೇಕು

ನಮಸ್ಕಾರ. ಬಿಸಿ ತಡೆಯದಂತೆ ಬದಲಿಸಿದ ಪ್ರೋಟೀನೇಸ್ ಕೆ, ಅಂದರೆ ಪ್ರೋಟೀನನ್ನು ಕತ್ತರಿಸುವ ಕಿಣ್ವದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಕಿಣ್ವ ಅಂದರೇನು, ಪ್ರೋಟೀನ್ ಅಂದರೇನು ಎಂಬ ಪಾಠ. ಹೊಡೆದುಹಾಕಿ. ಓದುವವರಿಗೆ ಏಳುವ ಪ್ರಶ್ನೆ ಬೇರೆ: ಗಟ್ಟಿಮುಟ್ಟಾದ ಕಿಣ್ವವನ್ನು ಬೇಕಂತಲೇ ಯಾಕೆ ಮೆತ್ತಗೆ ಮಾಡಬೇಕು? ನಿಮ್ಮ ಉತ್ತರ ಕೊನೆಯ ಪುಟದಲ್ಲಿ ಒಂದೇ ಸಾಲಲ್ಲಿ ಅಡಗಿ ಕೂತಿದೆ. ಅಲ್ಲಿಂದಲೇ ಶುರು ಮಾಡಿ.

1974ರಲ್ಲಿ ಒಂದು ಶಿಲೀಂಧ್ರದಲ್ಲಿ ಸಿಕ್ಕಿದ ಮೂಲ ಕಿಣ್ವ ಕೂದಲಿನ ಗಟ್ಟಿ ಪ್ರೋಟೀನ್ ಕೆರಾಟಿನ್ನನ್ನೂ ಬಿಡುವುದಿಲ್ಲ. ಡಿಎನ್‌ಎ ಜೊತೆಗಿರುವ ಬೇಡದ ಪ್ರೋಟೀನನ್ನೆಲ್ಲ ತಿಂದು ಮುಗಿಸುತ್ತದೆ. ತೊಂದರೆ ಆಮೇಲೆ. ಅದೇ ಟ್ಯೂಬಿಗೆ ಮುಂದಿನ ಹಂತದ ಲೈಗೇಸ್ (ಡಿಎನ್‌ಎ ತುಂಡುಗಳನ್ನು ಬೆಸೆಯುವ ಕಿಣ್ವ) ಹಾಕಿದರೆ ಅದನ್ನೂ ತಿನ್ನುತ್ತದೆ. ಅದೂ ಪ್ರೋಟೀನೇ ಅಲ್ವಾ!

ಇಲ್ಲೇ ನೀವು ಎಡವಿದ್ದೀರಿ. 95 ಡಿಗ್ರಿಗೆ ಕಾಯಿಸಿ ಕಿಣ್ವವನ್ನು ಸುಮ್ಮನಾಗಿಸಿದರೆ ಕೆಲಸ ಮುಗಿಯಿತು ಎಂದಿದ್ದೀರಿ. ಆ ಬಿಸಿಗೆ ಡಿಎನ್‌ಎಯ ಎರಡು ಎಳೆಗಳೂ ಬಿಟ್ಟುಕೊಳ್ಳುತ್ತವೆ. ಜೋಡಿ ಎಳೆಯೇ ಬೇಕಾದ ಕಡೆ ಅದು ನಡೆಯುವುದಿಲ್ಲ. ಡಿಎನ್‌ಎಯನ್ನು ಕಾಲಂನಲ್ಲಿ (ಸೋಸುವ ಕೊಳವೆಯಲ್ಲಿ) ಹಾಯಿಸಿ ಕಿಣ್ವವನ್ನು ತೊಳೆಯಬಹುದು, ಆದರೆ ಪ್ರತಿ ಸಲವೂ ಒಂದಿಷ್ಟು ಡಿಎನ್‌ಎ ಕೈಬಿಟ್ಟು ಹೋಗುತ್ತದೆ. 37 ಡಿಗ್ರಿಯಲ್ಲಿ ದುಡಿದು, 55ರಲ್ಲಿ 10 ನಿಮಿಷಕ್ಕೆ ಸುಮ್ಮನಾಗುವ ಕಿಣ್ವದ ಬೆಲೆ ಗೊತ್ತಾಗುವುದು ಆಗ.

"ವಿಜ್ಞಾನಿಗಳು ಕಿಣ್ವವನ್ನು ದುರ್ಬಲಗೊಳಿಸಿದರು" ಎಂಬ ಸಾಲು ಸಾಲದು. ಕೆಡಿಸುವುದು ಸುಲಭ. ಆಸ್ಪಾರ್ಟೇಟ್, ಹಿಸ್ಟಿಡಿನ್, ಸೆರಿನ್ ಎಂಬ ಮೂರು ಅಮೈನೋ ಆಮ್ಲಗಳು ಸೇರಿ ಕತ್ತರಿಸುವ ಆ ಜಾಗ ಕೆಡಬಾರದು. ಪ್ರೋಟೀನಿನ ಮಡಿಕೆಯನ್ನು ಹಿಡಿದಿಟ್ಟ ಬಿಗಿ ಮಾತ್ರ ಸಡಿಲವಾಗಬೇಕು. ಆ ಎರಡೂ ಒಟ್ಟಿಗೆ ಇರುವ ರೂಪಾಂತರವನ್ನು ಹುಡುಕುವುದೇ ಕಷ್ಟ. ಇಂಥ ಹುಡುಕಾಟಕ್ಕೆ ಕೆನೆ ತೆಗೆದ ಹಾಲು ಬೆರೆಸಿದ ಅಗಾರ್ (ಜೆಲ್ಲಿಯಂಥ ಪದಾರ್ಥ) ತಟ್ಟೆ ಸಾಕು. ಒಂದೇ ರೂಪಾಂತರದ ಕಾಯಿಸದ ಪಾಲು ಹಾಲಿನ ಪ್ರೋಟೀನನ್ನು ತಿಂದು ಬೆಳ್ಳನೆಯ ಹಾಲಿನಲ್ಲಿ ತಿಳಿಯಾದ ಉಂಗುರ ಬಿಡಬೇಕು, 55ಕ್ಕೆ ಕಾಯಿಸಿದ ಪಾಲು ಬಿಡಬಾರದು. ಇಂಥದ್ದನ್ನು ಬರೆಯಿರಿ, ಕಣ್ಣಿಗೆ ಕಟ್ಟುತ್ತದೆ.

2018ರ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ ಅವರನ್ನು ಸುಮ್ನೆ ಹೊಗಳಿ ಬಿಟ್ಟಿದ್ದೀರಿ. ಅವರು ಇದೇ ಬಳಗದ ಸಬ್ಟಿಲಿಸಿನ್ ಕಿಣ್ವವನ್ನು ಕಠಿಣ ದ್ರಾವಕದಲ್ಲೂ ದುಡಿಯುವಂತೆ ತಿದ್ದಿದವರು. ನಿಮ್ಮ ಕಥೆ ಅದರ ತಿರುಗುಮುರುಗು. ಆ ಹೋಲಿಕೆ ನಿಮ್ಮ ಕೈಯಲ್ಲೇ ಇತ್ತು!

"ಕ್ರಾಂತಿಕಾರಿ" ಎಂಬ ಪದ ಜಾಸ್ತಿ ಆಯಿತು, ಎಲ್ಲ ಕಡೆಯೂ ತೆಗೆಯಿರಿ. ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ.