ಕರಾರಿನ ಮಸುಕು ಮಾತುಗಳು

ಪ್ರಶ್ನೆ: ನಮ್ಮ ಮನೆಯ ಬಾಡಿಗೆ ಕರಾರಿನಲ್ಲಿ ‘ಸಹಜ ಸವಕಳಿ ಬಿಟ್ಟು ಉಳಿದ ಹಾನಿ ಕಳೆದು, ಸಮಂಜಸ ಅವಧಿಯಲ್ಲಿ ಮುಂಗಡ ಹಿಂತಿರುಗಿಸತಕ್ಕದ್ದು’ ಎಂದಿದೆ. ಇಷ್ಟು ಅಸ್ಪಷ್ಟವಾದರೆ ಕರಾರೇ ಬಿದ್ದುಹೋಗುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಇಲ್ಲ. 1872ರ ಕರಾರು ಕಾಯ್ದೆಯ 29ನೇ ಕಲಮಿನ ಪ್ರಕಾರ ಅನೂರ್ಜಿತ, ಅಂದರೆ ಕಾನೂನಿನ ಬಲವಿಲ್ಲದ್ದು, ಆಗುವುದು ಅರ್ಥ ನಿಶ್ಚಿತವಿಲ್ಲದ, ನಿಶ್ಚಯಿಸಲೂ ಬಾರದ ಒಪ್ಪಂದ ಮಾತ್ರ. ಕಾಯ್ದೆಯದೇ ಉದಾಹರಣೆಯಿದೆ, ನಮ್ಮ ಕರಾವಳಿಗೆಂದೇ ಬರೆದಂತೆ: ‘ನೂರು ಟನ್ ಎಣ್ಣೆ’ ಎಂದಷ್ಟೇ ಹೇಳಿದರೆ ಅನೂರ್ಜಿತ, ಮಾರುವವನು ತೆಂಗಿನೆಣ್ಣೆಯ ವ್ಯಾಪಾರ ಮಾತ್ರ ಮಾಡುವವನಾದರೆ ಊರ್ಜಿತ. ಅವಧಿ ಬರೆಯದಿದ್ದಾಗ 46ನೇ ಕಲಂ ತಾನೇ ‘ಸಮಂಜಸ ಅವಧಿ’ ಎನ್ನುತ್ತದೆ. ಅದೆಷ್ಟು ದಿನ ಎಂಬುದು ಆಯಾ ಪ್ರಕರಣದ ವಾಸ್ತವಾಂಶಕ್ಕೆ ಬಿಟ್ಟದ್ದು.

ನ್ಯಾಯತತ್ವಜ್ಞ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಕೇಳಿದ್ದೂ ಇಂಥದ್ದನ್ನೇ. ಉದ್ಯಾನಕ್ಕೆ ವಾಹನ ತರಬಾರದೆಂದರೆ ಕಾರು ಖಂಡಿತ ಬಾರದು, ರೋಲರ್ ಸ್ಕೇಟ್? ಪದಕ್ಕೊಂದು ಸಂಶಯವಿಲ್ಲದ ಗಟ್ಟಿ ತಿರುಳು, ಸುತ್ತ ಹೌದೆಂದೂ ಅಲ್ಲವೆಂದೂ ವಾದಿಸಬಹುದಾದ ಅರೆನೆರಳು.

ನಿಮ್ಮ ‘ಸಹಜ ಸವಕಳಿ’ಗೆ ಅಂಥ ಅರೆನೆರಳೆಂದರೆ, ಉದಾಹರಣೆಗೆ, ಗೋಡೆಯ ಬೂಷ್ಟು. ಬಣ್ಣ ಮಾಸಿದ್ದು ಸವಕಳಿ, ಒಡೆದ ವಾಶ್‌ಬೇಸಿನ್ ಹಾನಿ, ತಕರಾರಿಲ್ಲ. ಆಟಿಯ ಮಳೆಗೆ ಹೊರಗೋಡೆಯ ಬಿರುಕಿನಿಂದ ನೀರಿಳಿದು ಬೂಷ್ಟು ಹಿಡಿದರೆ ಅದನ್ನು ಬಾಡಿಗೆದಾರರ ತಲೆಗೆ ಕಟ್ಟುವುದು ಕಷ್ಟ. ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸಿದ್ದರೆ ವಾದಿಸಬಹುದು. ಎರಡೂ ಸೇರಿದ್ದರೆ? ಅಲ್ಲೇ ಜಗಳ.

ಮುಂದಿನ ಕರಾರಿನಲ್ಲಿ ‘ಕೀಲಿಕೈ ಕೊಟ್ಟ 15 ದಿನದೊಳಗೆ’ ಎಂದು ಬರೆಸಿ. ಕೋಣೆವಾರು ಫೋಟೋಗಳಿಗೆ ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಿ. ಬೂಷ್ಟಿಗೆ ಪ್ರತ್ಯೇಕ ವಾಕ್ಯವಿರಲಿ. ‘ಸಹಜ ಸವಕಳಿ’ಯನ್ನು ಮಾತ್ರ ಹಾಗೆಯೇ ಬಿಡಿ. ಪ್ರತಿ ಗೀರನ್ನೂ ಪಟ್ಟಿ ಮಾಡಹೊರಟರೆ, ಪಟ್ಟಿಯಲ್ಲಿಲ್ಲದ ಗೀರಿಗೇ ವ್ಯಾಜ್ಯ ಹುಟ್ಟುತ್ತದೆ.