ಯಾವ ಇಸಬೆಲ್ಲಾ, ಯಾರ ಮಗಳು?

ಪ್ರಶ್ನೆ: ನಮ್ಮ ಸೊಸೆ ಸ್ಕಾಟ್ಲೆಂಡಿನವಳು. ತವರಿನ ಹಳೇ ವಂಶಾವಳಿ ಹುಡುಕುವ ಹುಚ್ಚು ಅವಳಿಗೆ. ಈಗ ನನಗೂ ಹತ್ತಿಸಿದ್ದಾಳೆ. ಇಂಟರ್ನೆಟ್‌ನಲ್ಲಿ ಒಂದು ಕಡೆ, ರಾಬರ್ಟ್ ಬ್ರೂಸ್‌ನ ಹೆಂಡತಿ ಇಸಬೆಲ್ಲಾ ಸ್ಕಾಟ್ಲೆಂಡಿನ ರಾಜ ವಿಲಿಯಂನ ಮಗಳು ಅಂತಿದೆ. ಇನ್ನೊಂದು ಕಡೆ, ರಾಜನ ತಮ್ಮ ಡೇವಿಡ್‌ನ ಮಗಳು ಅಂತಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಅವು ಬೇರೆ ಬೇರೆ ಜೋಡಿಗಳು. ಬ್ರೂಸ್ ಮನೆತನದಲ್ಲಿ ರಾಬರ್ಟ್ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಈ ಎಡವಟ್ಟು ತುಂಬಾ ಕಡೆ ಆಗಿದೆ.

ಮೊದಲನೇ ರಾಬರ್ಟ್ 1183ರಲ್ಲಿ ಮದುವೆಯಾದದ್ದು ರಾಜ ವಿಲಿಯಂನ ಮಗಳು ಇಸಬೆಲ್ಲಾಳನ್ನು. ಅವಳು ರಾಜನ ಧರ್ಮಪತ್ನಿಯ ಮಗಳಲ್ಲ. ಗಂಡ ಬೇಗ ತೀರಿಕೊಂಡ. 1191ರಲ್ಲಿ ಅವಳನ್ನು ರಾಬರ್ಟ್ ಡಿ ರೋಸ್‌ಗೆ ಕೊಟ್ಟರು. (ಇವನೂ ರಾಬರ್ಟೇ, ಏನು ಮಾಡೋಣ!) ಬ್ರೂಸ್‌ಗಳ ಆನಂಡೇಲ್ ಸೀಮೆ ಸತ್ತವನ ತಮ್ಮ ವಿಲಿಯಂ ಬ್ರೂಸ್ ಪಾಲಾಯಿತು. ಈ ವಿಲಿಯಂನ ಮಗನೇ ನಿಮ್ಮ ಎರಡನೇ ರಾಬರ್ಟ್. ಅವನು ಮದುವೆಯಾದದ್ದು ಹಂಟಿಂಗ್ಡನ್‌ನ ಅರ್ಲ್ ಡೇವಿಡ್‌ನ ಮಗಳು ಇಸಬೆಲ್ಲಾಳನ್ನು. ಅಂದರೆ ರಾಬರ್ಟರಿಬ್ಬರು ದೊಡ್ಡಪ್ಪ ಮತ್ತು ತಮ್ಮನ ಮಗ. ಇಸಬೆಲ್ಲಾಗಳಿಬ್ಬರು ಅಣ್ಣತಮ್ಮಂದಿರ ಮಕ್ಕಳು. 1306ರಲ್ಲಿ ಸ್ಕಾಟ್ಲೆಂಡಿನ ರಾಜನಾದ ರಾಬರ್ಟ್ ಬ್ರೂಸ್ ಎರಡನೇ ಜೋಡಿಯ ವಂಶದವನು.

ಇಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀರಿ ಅಂದರೆ, ಒಂದು ದೊಡ್ಡ ವ್ಯಾಜ್ಯ ನಡೆದಿತ್ತು. 1286ರಲ್ಲಿ ರಾಜ ಮೂರನೇ ಅಲೆಕ್ಸಾಂಡರ್ ಸತ್ತ. 1290ರಲ್ಲಿ ಅವನ ಪುಟ್ಟ ಮೊಮ್ಮಗಳೂ ಹೋದಳು. ಸಿಂಹಾಸನ ನನಗೆ ಬೇಕು ಅಂತ ಹತ್ತಕ್ಕೂ ಜಾಸ್ತಿ ಜನ ಇಂಗ್ಲೆಂಡಿನ ರಾಜ ಎಡ್ವರ್ಡ್ ಮುಂದೆ ನಿಂತರು. ಹೆಚ್ಚಿನವರು ತಾವು ಯಾವ ರಾಜಮನೆತನದ ಮಗಳ, ಇಲ್ಲವೇ ತಂಗಿಯ ಸಂತಾನ ಎಂದು ಬಿಡಿಸಿ ಹೇಳಲೇಬೇಕಾಯಿತು. ಜಾನ್ ಬೇಲಿಯಲ್ ಡೇವಿಡ್‌ನ ಹಿರಿಮಗಳ ಮಗಳ ಮಗ. ಮುದುಕ ಬ್ರೂಸ್ (1306ರಲ್ಲಿ ರಾಜನಾದವನ ಅಜ್ಜ) ಎರಡನೇ ಮಗಳ ಮಗ. ಹೇಸ್ಟಿಂಗ್ಸ್ ಮೂರನೇ ಮಗಳ ಕಡೆಯವನು. ರಾಜ್ಯವನ್ನೇ ಮೂರು ಪಾಲು ಮಾಡಿ, ನನಗೊಂದು ಕೊಡಿ ಅಂದ! ರೋಸ್ ಮನೆತನದವನು ಬಂದದ್ದು ರಾಜ ವಿಲಿಯಂನ ಮಗಳು ಇಸಬೆಲ್ಲಾಳ ಹೆಸರು ಹಿಡಿದು. ಅವಳ ಹುಟ್ಟಿನ ಕಾರಣಕ್ಕೆ ಅವನ ವಾದ ನಿಲ್ಲಲಿಲ್ಲ. ಬ್ರೂಸ್‌ನೂ ಅದೇ ಇಸಬೆಲ್ಲಾಳ ವಂಶದವನಾಗಿದ್ದರೆ ಅವನ ಗತಿಯೂ ಅಷ್ಟೇ ಆಗುತ್ತಿತ್ತು, ಅಲ್ವಾ? 1292ರ ನವೆಂಬರ್ 17ರಂದು ತೀರ್ಪು ಬೇಲಿಯಲ್ ಕಡೆ ಆಯಿತು.

ನಿಮ್ಮ ಸೊಸೆಗೆ ಇನ್ನೊಂದು ವಿಷಯ ಹೇಳಿ. ಬೇಲಿಯಲ್‌ನ ತಾಯಿ ಡೆವೊರ್ಗಿಲಾಳ ಮುದ್ರೆ ನೋಡಲಿ. ಒಂದು ಕೈಯಲ್ಲಿ ಗಂಡನ ಮನೆಯ ಲಾಂಛನ, ಇನ್ನೊಂದು ಕೈಯಲ್ಲಿ ತಂದೆಯ ಗ್ಯಾಲೊವೇ ಲಾಂಛನ. ಅಕ್ಕಪಕ್ಕದಲ್ಲಿ ತಾಯಿಯ ತಂದೆಯ ಹಂಟಿಂಗ್ಡನ್, ತಾಯಿಯ ತಾಯಿಯ ಚೆಸ್ಟರ್. ಅಂಗೈಯಗಲದ ಮೇಣದಲ್ಲಿ ನಾಲ್ಕು ಮನೆತನ. ಹೆಣ್ಣುಮಕ್ಕಳ ಜಾಡು ಹಿಡಿಯುವವರು ದಾನಪತ್ರದ ಒಕ್ಕಣೆ ಓದಿ ಮುದ್ರೆಯನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ.

ಪ್ರಶ್ನೆ: ಹಳೇ ಪತ್ರದಲ್ಲಿ ‘ಅವನ ಹೆಂಡತಿ ಮಾರ್ಗರೆಟ್’ ಅಂತ ಮಾತ್ರ ಇದೆ. ತವರು ಯಾವುದು ಗೊತ್ತಿಲ್ಲ. ಚರ್ಚಿನ ಮದುವೆ ದಾಖಲೆ ಸಿಗುವುದಿಲ್ಲವೇ?

ಉತ್ತರ: ಆ ಕಾಲಕ್ಕೆ ಸಿಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯ ಚರ್ಚ್ ದಾಖಲೆ ಪುಸ್ತಕ ಎರಲ್ ಊರಿನದು, 1553ರದ್ದು. ಅದಕ್ಕೂ ಹಿಂದಿನವರನ್ನು ಹುಡುಕಲು ಜಮೀನಿನ ಬೆನ್ನು ಹತ್ತಬೇಕು.

ಮಾರ್ಗರೆಟ್‌ಳ ಗಂಡನಿಗೆ ತನ್ನ ಸೀಮೆಯಿಂದ ದೂರದಲ್ಲಿ ಎಲ್ಲಾದರೂ ಭೂಮಿ ಇತ್ತೇ ನೋಡಿ. ಅದನ್ನು ಮಠಕ್ಕೆ ಕೊಡುವಾಗ ‘ಹೆಂಡತಿಯ ಒಪ್ಪಿಗೆಯಿಂದ’ ಅಂತ ಬರೆಸಿದ್ದರೆ, ಅದು ಅವಳ ಬಳುವಳಿ ಇರಬಹುದು. ಆ ಭೂಮಿ ಮೊದಲು ಯಾರದಾಗಿತ್ತೋ ಅವರ ಮನೆ ತಡಕಿ. ಗಂಡ ಸತ್ತ ಮೇಲೆ ಅವನ ಜಮೀನಿನ ಮೂರನೇ ಒಂದು ಪಾಲು ವಿಧವೆಯ ಜೀವನಕ್ಕೆ ಸಲ್ಲುತ್ತಿತ್ತು. ಅದಕ್ಕೆ ಮಲಮಗನ ಜೊತೆ ಜಗಳ ಆಗಿದ್ದರೆ ನಿಮ್ಮ ಅದೃಷ್ಟ, ಜಗಳದ ಕಾಗದದಲ್ಲಿ ಸಂಬಂಧಗಳೆಲ್ಲ ಬಯಲಾಗುತ್ತವೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳು ಆಸ್ತಿ ಹಂಚಿಕೊಳ್ಳುತ್ತಿದ್ದರು. 1234ರಲ್ಲಿ ಗ್ಯಾಲೊವೇಯ ಅಲನ್ ಸತ್ತಾಗ ಮೂವರು ಮಗಳಂದಿರಿಗೆ ಪಾಲಾಯಿತು. ಅವರಲ್ಲೊಬ್ಬಳ ಗಂಡ ರಾಜರ್ ಡಿ ಕ್ವಿನ್ಸಿ 1264ರಲ್ಲಿ ಸತ್ತಾಗ ಅವನಿಗೂ ಮೂವರು ಹೆಣ್ಣುಮಕ್ಕಳೇ, ಮತ್ತೆ ಪಾಲು. ಇಂಥ ಮನೆತನ ಸಿಕ್ಕರೆ ಹಬ್ಬ.

ಪೋಪರ ಅನುಮತಿ ಪತ್ರಗಳನ್ನೂ ಬಿಡಬೇಡಿ. 1215ರ ನಂತರ, ನಾಲ್ಕು ತಲೆಮಾರಿನೊಳಗೆ ಇಬ್ಬರಿಗೂ ಒಬ್ಬನೇ ಹಿರಿಯ ಸಿಕ್ಕರೆ ಅನುಮತಿ ಇಲ್ಲದೆ ಮದುವೆ ಕೂಡುತ್ತಿರಲಿಲ್ಲ. ದೊಡ್ಡ ಮನೆತನದವರೆಲ್ಲ ಒಬ್ಬರಿಗೊಬ್ಬರು ನೆಂಟರೇ, ಹಾಗಾಗಿ ಅರ್ಜಿಗಳು ರಾಶಿ ರಾಶಿ. ಆದರೆ ಪತ್ರದ ತಾರೀಖನ್ನು ಮದುವೆ ತಾರೀಖು ಅಂದುಕೊಳ್ಳಬೇಡಿ. ಮುಂದೆ ರಾಜನಾದ ರಾಬರ್ಟ್ ಸ್ಟೂವರ್ಟ್ ಮತ್ತು ಎಲಿಜಬೆತ್ ಮ್ಯೂರ್‌ಗೆ ಅನುಮತಿ ಸಿಕ್ಕಿದ್ದು 1347ರಲ್ಲಿ. ಅಷ್ಟರಲ್ಲಿ ಅವರಿಗೆ ಮಕ್ಕಳೂ ಆಗಿದ್ದವು.

ಎಲ್ಲೂ ಸಿಗಲಿಲ್ಲ ಅಂದರೆ ಮದುವೆಯೇ ಆಗಿಲ್ಲ ಅಂತಲ್ಲ. ಸ್ಕಾಟ್ಲೆಂಡನ್ನು ಗೆದ್ದ ಇಂಗ್ಲೆಂಡಿನ ಕ್ರಾಮ್‌ವೆಲ್ ಕಾಲದಲ್ಲಿ ಲಂಡನ್ನಿಗೆ ಒಯ್ದಿದ್ದ ದಾಖಲೆಗಳಲ್ಲಿ ಎಷ್ಟೋ 1660ರಲ್ಲಿ ವಾಪಸ್ ಬರುವಾಗ ಹಡಗಿನ ಸಮೇತ ಮುಳುಗಿದವು. ಉಳಿದ ದಾನಪತ್ರಗಳಲ್ಲಿ ಬರುವ ಜನರನ್ನು ‘ಪೀಪಲ್ ಆಫ್ ಮಿಡೀವಲ್ ಸ್ಕಾಟ್ಲೆಂಡ್’ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು, 1371ರವರೆಗೆ ಇದೆ.

ಪ್ರಶ್ನೆ: ‘ಸ್ವಂತ ಇಷ್ಟದಿಂದ ಗಂಡನಿಗೆ ಎಲ್ಲ ಕೊಟ್ಟೆ’ ಅಂತ ಹೆಂಗಸು ಬರೆದುಕೊಟ್ಟಿದ್ದರೆ ನಂಬಬಹುದೇ?

ಉತ್ತರ: ಸುಮ್ನೆ ನಂಬಬೇಡಿ. ಮಾರ್ ಸೀಮೆಯ ಒಡತಿ ಇಸಬೆಲ್ಲಾ ಡಗ್ಲಸ್ ವಿಧವೆಯಾಗಿದ್ದಾಗ ಅಲೆಕ್ಸಾಂಡರ್ ಸ್ಟೂವರ್ಟ್ ಅವಳ ಕಿಲ್‌ಡ್ರಮ್ಮಿ ಕೋಟೆಯನ್ನೇ ಹಿಡಿದ. 1404ರ ಆಗಸ್ಟಿನಲ್ಲಿ ಅವಳು ಪತ್ರ ಬರೆದುಕೊಟ್ಟಳು. ತಮಗೆ ಮಕ್ಕಳಾಗದಿದ್ದರೆ ಸೀಮೆ ಅವನ ಕಡೆಯವರಿಗೆ ಅಂತ. ಇದು ನಿಲ್ಲುವುದಿಲ್ಲ ಅಂತ ಅವನಿಗೂ ಗೊತ್ತಾಗಿರಬೇಕು. ಡಿಸೆಂಬರ್ 9ರಂದು ಕೋಟೆಯ ಮುಂದೆ ಎಲ್ಲರೆದುರು ಬೀಗದ ಕೈ ಅವಳಿಗೆ ಒಪ್ಪಿಸಿದ. ಅವಳು ಅವನನ್ನೇ ಗಂಡನಾಗಿ ಆರಿಸಿಕೊಂಡಳು. ಹೊಸ ಪತ್ರದಲ್ಲಿ ಮಾತು ತಿರುಗಿತ್ತು. ಮಕ್ಕಳಾಗದಿದ್ದರೆ ಸೀಮೆ ಅವಳ ಕಡೆಯವರಿಗೆ. ಹಾಗಾಗಿ ಇಂಥ ಪತ್ರ ಸಿಕ್ಕಾಗ ಮೊದಲು ‘ಮಕ್ಕಳಿಲ್ಲದಿದ್ದರೆ ಯಾರಿಗೆ’ ಎಂಬ ಸಾಲು ಓದಿ. ಅವರಿಗೆ ಮಕ್ಕಳಾಗಲಿಲ್ಲ. 1435ರಲ್ಲಿ ಅಲೆಕ್ಸಾಂಡರ್ ಸತ್ತಾಗ ರಾಜ ಮಾರ್ ಸೀಮೆಯನ್ನು ತಾನೇ ಇಟ್ಟುಕೊಂಡ. ಮೂರು ತಲೆಮಾರು ಹೆಂಗಸರ ಮೂಲಕ ಮಾರ್ ಮನೆತನಕ್ಕೆ ಸೇರಿದ್ದ ಅರ್ಸ್ಕಿನ್‌ಗಳು ಹಕ್ಕು ಬಿಡಲಿಲ್ಲ. 1565ರಲ್ಲಿ ರಾಣಿ ಮೇರಿ ಅವರಿಗೆ ಕೊಟ್ಟಳು.